ಬೋರ್ಡು ಕನ್ನಡವಾಯಿತು, ಓದುವವರೆಲ್ಲಿ?

ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ರೂಮುಗಳಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ಈ ಬೇಸಿಗೆಗೆ ಊರಿಗೆ ಹೋಗುತ್ತೀರಲ್ಲ? ಮದುವೆ ಇರುತ್ತದೆ, ಜಾತ್ರೆ ಇರುತ್ತದೆ. ಹೋಗಿ ಬನ್ನಿ. ಹೋದಾಗ ಒಂದು ಕೆಲಸ ಮಾಡಿ. ಸಂಜೆ ಏಳು ಗಂಟೆಗೆ ನಿಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮುಂದೆ ಹೋಗಿ ನಿಲ್ಲಿ. ಬಾಗಿಲು ತೆರೆದಿದ್ದರೆ ನಿಮ್ಮೂರಿನವರಿಗೆ ನನ್ನ ನಮಸ್ಕಾರ ಹೇಳಿ. ಬೀಗ ಬಿದ್ದಿದ್ದರೆ ಮುಂದಿನ ಮಾತು ನಿಮಗೇ.

ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ಪಿಯುಸಿಗೆ ಓದು ನಿಲ್ಲಿಸಿ ಮಸಿಗೆ ಕೈ ಹಾಕಿದವನು. ಏಪ್ರಿಲ್ ಬಂತೆಂದರೆ ನಮ್ಮಂಥವರಿಗೆ ಎರಡೇ ಕೆಲಸ. ಒಂದು ಲಗ್ನಪತ್ರಿಕೆ, ಇನ್ನೊಂದು ಸಮ್ಮರ್ ಕ್ಯಾಂಪಿನ ಕರಪತ್ರ. ಕರಾಟೆ, ಡ್ಯಾನ್ಸು, ಅಬಾಕಸ್, ಸ್ಪೋಕನ್ ಇಂಗ್ಲಿಷ್! ಸರಕಾರವೂ ಸುಮ್ಮನೆ ಕೂತಿಲ್ಲ. ಹಳ್ಳಿ ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಅಂತ ಹೊಸ ಹೆಸರಿಟ್ಟು, ಈಚಿನ ವರ್ಷಗಳಲ್ಲಿ ಅಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿದೆ. ಒಳ್ಳೆಯ ಕೆಲಸ, ಅಡ್ಡ ಮಾತಾಡುವುದಿಲ್ಲ. ಆದರೆ ನನ್ನ ಮಷಿನ್ನಿನಿಂದ 'ದೊಡ್ಡವರಿಗೆ ಬೇಸಿಗೆ ಓದು' ಅಂತ ಒಂದು ಕರಪತ್ರವಾದರೂ ಹೊರಬಿದ್ದಿದೆಯೇ? ಇಲ್ಲ. ಒಂದೂ ಇಲ್ಲ! ಮಕ್ಕಳಿಗೆ ಕಥೆ ಬೇಕು, ಅವರ ಅಪ್ಪ ಅವ್ವಂದಿರಿಗೆ ಬೇಡವೇ?

ತಳಕಲ್ ಎಂಬ ಊರನ್ನೇ ತಗೊಳ್ಳಿ. ಕೊಪ್ಪಳ ಜಿಲ್ಲೆ. ಮೊದಲು ಯಲಬುರ್ಗಾ ತಾಲೂಕು, ಈಗ ಕುಕನೂರು ತಾಲೂಕು. ಗದಗಿನಿಂದ ಕೊಪ್ಪಳಕ್ಕೆ ಹೋಗುವ ರೈಲು ದಾರಿಯಲ್ಲಿ ಸ್ಟೇಷನ್ ಸಿಗುತ್ತದೆ. ಕವಿರಾಜಮಾರ್ಗ ಸುಮಾರು 1,150 ವರ್ಷದ ಹಿಂದೆ ಕನ್ನಡದ ತಿರುಳು ಇಲ್ಲಿದೆ ಅಂತ ಗೆರೆ ಎಳೆದದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನೆಲಕ್ಕೆ. ಕೊಪಣ ಅಂದರೆ ನಮ್ಮ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ತಳಕಲ್ ಈ ತಿರುಳಿನ ಒಳಗಿನ ಊರು. ಹತ್ತಿರದಲ್ಲೇ ಇಟಗಿ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಅಲ್ಲಿದೆ, ಅದರ ಕಲ್ಲಿನ ಮೇಲೆ ಕನ್ನಡವಿದೆ.

ಇಂಥ ನೆಲದಲ್ಲಿ ಓದು ಎಷ್ಟಿದೆ? 2011ರ ಜನಗಣತಿ ತೆಗೆದು ನೋಡಿ. ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇಕಡಾ 68. ಹೆಣ್ಣುಮಕ್ಕಳ ಲೆಕ್ಕ ಶೇಕಡಾ 58ಕ್ಕೂ ಮುಟ್ಟಲಿಲ್ಲ. ನೂರು ಮಂದಿ ಅವ್ವ, ಅಕ್ಕ, ಅತ್ತಿಗೆಯರಲ್ಲಿ 42 ಮಂದಿಗೆ ಕನ್ನಡದ ಅಕ್ಷರ ಕಪ್ಪು ಗೆರೆ ಮಾತ್ರ. ತಿರುಳ್ಗನ್ನಡದ ನಾಡಿನ ಕಥೆ ಇದು!

ಈಗ ನಿಮ್ಮ ಹೋರಾಟದ ಮಾತಿಗೆ ಬರುತ್ತೇನೆ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2023ರ ಡಿಸೆಂಬರಿನಲ್ಲಿ ಬೀದಿಗೆ ಇಳಿದಿರಿ. 2024ರಲ್ಲಿ ಕಾನೂನು ಬಂತು. ಶಹಬ್ಬಾಸ್! ನನಗೂ ಹೆಮ್ಮೆಯಾಯಿತು. ಆದರೆ ಒಂದು ಪ್ರಶ್ನೆ. ಊರಿಂದ ಬಂದ ನಿಮ್ಮ ಅವ್ವ ಆ ಬೋರ್ಡಿನ ಮುಂದೆ ನಿಂತರೆ ಓದುತ್ತಾಳೆಯೇ? ಓದಲು ಬರದವಳಿಗೆ ಶೇಕಡಾ 60 ಆದರೇನು, ನೂರಾದರೇನು? ಬೋರ್ಡಿಗೆ ಹೋರಾಡಿದ ನಾವು ಓದುಗರಿಗೆ ಯಾವಾಗ ಹೋರಾಡುತ್ತೇವೆ?

'ದುಡ್ಡಿಲ್ಲ' ಅಂತ ಹೇಳುವವರು ಬರುತ್ತಾರೆ. ಅವರ ಕೈಗೆ ನಿಮ್ಮ ಮನೆಯ ತೆರಿಗೆ ರಸೀದಿ ಕೊಡಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ. ಆ ಕಾಯ್ದೆಯಿಂದಲೇ ಬಂದದ್ದು ಗ್ರಂಥಾಲಯ ಕರ. ಮನೆ ತೆರಿಗೆ ನೂರು ರೂಪಾಯಿ ಇದ್ದರೆ ಅದರ ಮೇಲೆ ಆರು ರೂಪಾಯಿ. ಹಳ್ಳಿಯ ಹಂಚಿನ ಮನೆಯವನೂ ಕಟ್ಟುತ್ತಾನೆ, ಬೆಂಗಳೂರಿನ ಅಪಾರ್ಟ್‌ಮೆಂಟಿನವನೂ ಕಟ್ಟುತ್ತಾನೆ. ಕಟ್ಟಿದ ದುಡ್ಡು ಎಲ್ಲಿ ಹೋಯಿತು? ರಾಜಧಾನಿಯಲ್ಲೇ ಆಗಿನ ಬಿಬಿಎಂಪಿ, ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಇಲಾಖೆಗೆ ಪೂರ್ತಿ ಕೊಡದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದು ಪತ್ರಿಕೆಗಳಲ್ಲೇ ಬಂತು. ಯಾರಾದರೂ ಬಂದ್ ಕರೆದರೇ? ಪುಸ್ತಕದ ದುಡ್ಡು ಹೋದರೆ ನಮಗೆ ರಕ್ತ ಕುದಿಯುವುದಿಲ್ಲ. ಅದೇ ನಮ್ಮ ರೋಗ.

2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಇದರಲ್ಲಿ ಒಂದು ಲಾಭವಿದೆ. ಈಗ ಕೇಳಬೇಕಾದವರು ನಿಮ್ಮ ಊರಿನಲ್ಲೇ ಸಿಗುತ್ತಾರೆ. ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಪಿಡಿಒ. ವಿಧಾನಸೌಧದ ತನಕ ಹೋಗಬೇಕಾಗಿಲ್ಲ.

'ಹಳ್ಳಿ ಜನ ಎಲ್ಲಿ ಓದುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲು' ಅಂತ ಇನ್ನೊಂದು ಮಾತು. ಇದನ್ನು ಹೇಳುವವರು ಶ್ರಾವಣದಲ್ಲಿ ನಮ್ಮ ಕಡೆ ಬಂದೇ ಇಲ್ಲ. ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಇಡೀ ಊರು ಕೂತು ಕೇಳುತ್ತದೆ. ಕುಮಾರವ್ಯಾಸ ಗದಗಿನಲ್ಲಿ ಬರೆದ ಭಾರತ ಅಕ್ಷರ ಬಾರದವರ ನಾಲಗೆಯ ಮೇಲೂ ಉಳಿದದ್ದು ಹೀಗೆಯೇ. ನಮ್ಮ ಜನಕ್ಕೆ ಪುಸ್ತಕ ಹೊಸದಲ್ಲ. ಸರಕಾರಿ ಕಟ್ಟಡದೊಳಗೆ ಅವರನ್ನು ಕೂರಿಸಿ ಓದಿ ಹೇಳುವವರು ಹೊಸದಾಗಿ ಹುಟ್ಟಬೇಕಾಗಿದೆ.

ಮೈಸೂರಿನ ರಾಜೀವ್ ನಗರದ ಸಯ್ಯದ್ ಇಸಾಕ್ ಅವರನ್ನು ಮರೆತಿರಾ? ಶಾಲೆ ಕಾಣದ ಕೂಲಿಕಾರ. ತನಗೆ ಸಿಗದ ಓದು ಬೇರೆಯವರಿಗಾದರೂ ಸಿಗಲಿ ಅಂತ ಸುಮಾರು 11,000 ಪುಸ್ತಕ ಕೂಡಿಸಿ ಗ್ರಂಥಾಲಯ ನಡೆಸಿದರು. ದಿನಾ ಕನ್ನಡ ಪತ್ರಿಕೆ ತರಿಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಒಬ್ಬ ಕೂಲಿಕಾರ ಮಾಡಿದ್ದನ್ನು ಒಂದು ಪಂಚಾಯಿತಿ ಮಾಡಲಾರದೇ?

ಪಕ್ಕದವರನ್ನೂ ನೋಡಿ. 1948ರ ಸೆಪ್ಟೆಂಬರ್ 17ರ ತನಕ ನಮ್ಮ ಕೊಪ್ಪಳ ನಿಜಾಮನ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ. ಅದೇ ಸಂಸ್ಥಾನದ ತೆಲುಗರು ತಮ್ಮ ಭಾಷೆ ಉಳಿಸಿಕೊಳ್ಳಲು ಮೊದಲು ಕಟ್ಟಿದ್ದು ಏನು? ಗ್ರಂಥಾಲಯ! 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯ ಎದ್ದಿತು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ ಊರೂರಿನ ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19ನ್ನು ಅಲ್ಲಿ ಓದುವ ದಿನ ಅಂತ ಆಚರಿಸುತ್ತಾರೆ. ನಮಗೆ ನವೆಂಬರ್ ಒಂದಿದೆ, ಬಾವುಟವಿದೆ, ಆರ್ಕೆಸ್ಟ್ರಾ ಇದೆ. ಓದುವ ದಿನ ಎಲ್ಲಿದೆ?

ಹಾಗಾದರೆ ಬೇಸಿಗೆಯಲ್ಲಿ ಏನು ಮಾಡಬೇಕು? ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ಹೊತ್ತನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಬಿಸಿಲು ಸಾಹೇಬರಿಗೆ ಮಾತ್ರ ಬೀಳುತ್ತದೆಯೇ? ದುಡಿಯುವವನು ಮಧ್ಯಾಹ್ನ ಪುಸ್ತಕಕ್ಕೆ ಬರಲಾರ. ಆದರೆ ಮುಂಗಾರು ಬೀಳುವ ತನಕ ನಮ್ಮ ಕಡೆ ಒಣಬೇಸಾಯದ ಹೊಲ ಖಾಲಿ. ಗುಳೆ ಹೋಗದೆ ಉಳಿದವರಿಗೆ ಸಂಜೆ ಬಿಡುವು. ಆ ಸಂಜೆ ಆರೂವರೆಯಿಂದ ಎಂಟೂವರೆ ತನಕ ಬಾಗಿಲು ತೆಗೆಸಿ.

ಒಂದು ದಿನ ಪತ್ರಿಕೆ ಓದಿ ಹೇಳಿ. ಒಂದು ದಿನ ಕಾದಂಬರಿಯ ಒಂದು ಅಧ್ಯಾಯ. ಒಂದು ದಿನ ಅರ್ಜಿಯ ದಿನ: ಬ್ಯಾಂಕಿನ ಚೀಟಿ, ಜೆಸ್ಕಾಂ ಬಿಲ್ಲು, ಪಹಣಿ, ಪಿಂಚಣಿ ಕಾಗದ ಹಿಡಿದು ಬಂದವರಿಗೆ ಓದಿ ತಿಳಿಸಿ, ತುಂಬುವುದನ್ನು ಕಲಿಸಿ. ಚೀಟಿಯಲ್ಲಿ ಕನ್ನಡ ಇಲ್ಲದಿದ್ದರೆ ಅಲ್ಲೇ ಕೂತು ಕನ್ನಡದ ಚೀಟಿ ಬೇಕು ಅಂತ ಪತ್ರ ಬರೆಸಿ, ಎಲ್ಲರ ಸಹಿ ಹಾಕಿಸಿ. ಹೆಬ್ಬೆಟ್ಟು ಒತ್ತುತ್ತಿದ್ದವರು ಮೇ ಮುಗಿಯುವುದರೊಳಗೆ ಹೆಸರು ಬರೆಯಲಿ. ಹೆಣ್ಣುಮಕ್ಕಳಿಗೆ ಅವರ ಕೆಲಸ ಮುಗಿದ ಹೊತ್ತನ್ನು ಅವರನ್ನೇ ಕೇಳಿ ಗೊತ್ತು ಮಾಡಿ. ಒಂದು ಭಾನುವಾರ ಬೆಳಿಗ್ಗೆ ತಳಕಲ್ಲಿನವರನ್ನು ಇಟಗಿಗೆ ಕರೆದೊಯ್ದು ಆ ಶಾಸನದಲ್ಲಿ ಏನಿದೆ ಅಂತ ತಿಳಿದವರಿಂದ ಹೇಳಿಸಿ. ಹಳಬರ ಬೀಸುವ ಪದ, ಬಿತ್ತುವ ಬೀಜಗಳ ಹೆಸರು ಬರೆದಿಡಿ. ಆ ಪುಸ್ತಕ ಊರಿನ ಗ್ರಂಥಾಲಯದಲ್ಲೇ ಇರಲಿ.

ಗ್ರಂಥಾಲಯದ ಮೇಲ್ವಿಚಾರಕರ ಮೇಲೆ ಮಾತ್ರ ರೇಗಬೇಡಿ. ಕಡಿಮೆ ಸಂಬಳಕ್ಕೆ ಒಬ್ಬರೇ ಎಲ್ಲವನ್ನೂ ನೋಡುವವರು ಅವರು. ಹೆಚ್ಚಿನ ಹೊತ್ತು ಕೆಲಸ ಮಾಡಿದರೆ ಹೆಚ್ಚಿನ ದುಡ್ಡು ಕೊಡಿ ಅಂತ ಅವರ ಪರವಾಗಿಯೂ ನೀವೇ ಕೇಳಬೇಕು.

ತಳಕಲ್ಲಿನಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು ಆಯಿತು. 2025ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿಗೆ ರೈಲೂ ಓಡಿತು. ಇವು ಬಂದದ್ದು ಜನ ವರ್ಷಗಟ್ಟಲೆ ಕೇಳಿದ್ದರಿಂದ. ಗ್ರಂಥಾಲಯದ ಸಂಜೆಯನ್ನು ಯಾರೂ ಕೇಳಿಲ್ಲ, ಆದ್ದರಿಂದ ಬಂದಿಲ್ಲ.

ಕೇಳಿ! ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮೂರೇ ಸಾಲು ಬರೆಯಿರಿ: ಕಳೆದ ವರ್ಷ ನಮ್ಮ ಪಂಚಾಯಿತಿಯಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು? ಅದರಲ್ಲಿ ಪುಸ್ತಕಕ್ಕೆ ಹೋದದ್ದು ಎಷ್ಟು? ವಯಸ್ಕರಿಗಾಗಿ ನಡೆದ ಕಾರ್ಯಕ್ರಮ ಯಾವುವು?

ಮೂರನೆಯ ಪ್ರಶ್ನೆಗೆ 'ಇಲ್ಲ' ಅಂತ ಉತ್ತರ ಬಂದರೆ ನಿಮ್ಮ ರಜೆ ಅಲ್ಲಿಂದಲೇ ಶುರುವಾಗಲಿ. ಕರಪತ್ರ ಬೇಕಾದರೆ ಹತ್ತಿರದ ಪ್ರೆಸ್ಸಿಗೆ ಹೋಗಿ ಕೇಳಿ. ಒಂದು ಮಗ್ಗುಲಿನ ಕರಪತ್ರಕ್ಕೆ ದುಡ್ಡು ಬೇಡ ಅನ್ನುವ ಮುದ್ರಕರು ಈ ನಾಡಿನಲ್ಲಿ ಇನ್ನೂ ಇದ್ದಾರೆ.

ಸಿರಿಗನ್ನಡಂ ಗೆಲ್ಗೆ!