ಬೆಂಕಿ ಆರಿದ ದ್ವೀಪದಲ್ಲಿ ಒಂದು ದಿನ

‘ಸಾರ್, ನಮ್ಮ ಬೆಟ್ಟದ ಅಡಿಯಲ್ಲಿ ಜ್ವಾಲಾಮುಖಿ ಇದೆಯಂತೆ, ಹೌದಾ?’

2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಕರಿಕೆ ಕಡೆ ನೆಲ ಮತ್ತೆ ಮತ್ತೆ ಅದುರಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ ಪ್ರಶ್ನೆ ಇದು. ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥದ ಬಿಸಿನೀರಿನಲ್ಲಿ ಮಿಂದು ಬಂದಿದ್ದ ಅವಳ ಅಜ್ಜ, ‘ಒಲೆಯಿಲ್ಲದೆ ನೀರು ಕಾಯುತ್ತದೆಯೇ?’ ಎಂದಿದ್ದರಂತೆ.

ಬಾಯಿಮಾತಿಗಿಂತ ಕಣ್ಣಾರೆ ತೋರಿಸುವುದು ಮೇಲೆಂದು, ಡಿಸೆಂಬರಿನ ಶಾಲಾ ಪ್ರವಾಸಕ್ಕೆ ಮಲ್ಪೆಯನ್ನು ಆರಿಸಿಕೊಂಡೆವು. ನಸುಕಿನ ನಾಲ್ಕಕ್ಕೆ ಬಸ್ಸು ಹೊರಟಿತು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಸುತ್ತಿ ಬರಲು ಹೆಚ್ಚು ಹೊತ್ತು ಬೇಡ. ಆದರೆ ಹೆಜ್ಜೆಹೆಜ್ಜೆಗೂ ನಿಲ್ಲಬೇಕು. ಕೆತ್ತಿ ಜೋಡಿಸಿದಂತೆ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಸಾಲುಸಾಲಾಗಿ ನಿಂತಿವೆ. ‘ಜೇನುಹಟ್ಟಿ ಸಾರ್!’ ಎಂದ ಒಬ್ಬ.

ಇವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ. ಕೊಯ್ಲಾದ ಗದ್ದೆಯ ಕೆಸರು ಒಣಗಿ ಕುಗ್ಗುವಾಗ ಬಿರಿಯುವುದಿಲ್ಲವೇ? ಲಾವಾ ಕೂಡ ತಣ್ಣಗಾಗುತ್ತ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಒಳಕ್ಕಿಳಿದು ಕಂಬಗಳಾದವು. ಹುಡುಗಿ ಒಂದು ಕಂಬವನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು.

ಕಂಬಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಪಾಠ ಮುಂದುವರಿಸಿದೆ. ಇಂದು ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ. ಅದು ಮಡಿಕೇರಿಯ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ಪೂರ್ವಕ್ಕೆ ಸುಮಾರು ಎರಡು ಸಾವಿರ ಕಿಲೋಮೀಟರ್ ಆಚೆ ಇದೆ. ನೀರು ಬಿಸಿಯಾಗಲು ಜ್ವಾಲಾಮುಖಿಯೇ ಬೇಕೆಂದಿಲ್ಲ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಶಾಖ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ಬಿರುಕುಗಳಲ್ಲಿ ಆಳಕ್ಕಿಳಿದ ಮಳೆನೀರು ಕಾದು ಮೇಲೆ ಬರುತ್ತದೆ. ನಮ್ಮ ನೆಲದ ಅದುರಾಟವೂ ಬೆಂಕಿಯದಲ್ಲ. ಹಳೆಯ ಬಂಡೆಗಳ ಬಿರುಕುಗಳಲ್ಲಿ ಕೂಡಿಕೊಂಡ ಒತ್ತಡ ಸಡಿಲವಾಗುವುದು.

‘ಹಾಗಾದರೆ 2018ರಲ್ಲಿ ಗುಡ್ಡಗಳು ಯಾಕೆ ಜಾರಿದವು ಸಾರ್?’

ಉತ್ತರ ಹೇಳಲು ಈ ಮೇಷ್ಟ್ರಿಗೆ ಸ್ವಲ್ಪ ಕಷ್ಟವೇ ಆಯಿತು. ಆ ಆಗಸ್ಟಿನ ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗಿತ್ತು, ಹಿಡಿತ ಕಳೆದುಕೊಂಡಿತ್ತು. ಅದಕ್ಕೂ ಮೊದಲೇ ನಾವು ರಸ್ತೆಗೆ, ಮನೆಗೆ, ಕಟ್ಟಡಗಳಿಗೆಂದು ಇಳಿಜಾರಿನ ಬುಡ ಕಡಿದಿದ್ದೆವು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಬುಡ ಕಡಿಯುವುದನ್ನು ಬಿಡಬಹುದು ಎಂದೆ.

ಜನವರಿಯಲ್ಲಿ ಆ ಹುಡುಗಿ ಸಿಕ್ಕಿ ಹೇಳಿದಳು: ‘ಕಾಫಿ ಕಣ ದೊಡ್ಡದು ಮಾಡಲು ಅಜ್ಜ ಮನೆ ಹಿಂದಿನ ಬರೆಗೆ ಜೆಸಿಬಿ ಕರೆಸುವವರಿದ್ದರು ಸಾರ್. ಬೇಡ ಅಂದೆ.’

‘ಕೇಳಿದರಾ?’

‘ಎರಡು ದಿನ ಮಾತು ಬಿಟ್ಟರು. ಆಮೇಲೆ ಕಣವನ್ನು ಮುಂದಿನ ಅಂಗಳಕ್ಕೆ ತಂದರು.’