ಹಾವಿನ ಪೊರೆ ಶಾಲೆಗೆ ಬರಲಿ

ಮಳೆ ಹಿಡಿಯಿತೆಂದರೆ ನನ್ನ ಮೊಬೈಲಿಗೆ ಹಾವಿನ ಫೋಟೊಗಳು ಬರತೊಡಗುತ್ತವೆ. ಕೊಪ್ಪದ ಕಡೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. 'ಟೀಚರ್, ಇದು ವಿಷದ್ದಾ?' ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಫೋಟೊದಲ್ಲಿರುವ ಹಾವಿನ ತಲೆ ಹೆಚ್ಚಿನ ಸಲ ಅದಾಗಲೇ ಜಜ್ಜಿಹೋಗಿರುತ್ತದೆ. ಸತ್ತದ್ದು ಬಹಳ ಸಲ ವಿಷವೇ ಇಲ್ಲದ ತೋಳಹಾವು.

ಹಲ್ಲಿ ಹುಡುಕಿಕೊಂಡು ಗೋಡೆ ಹತ್ತಿ ಮನೆಯೊಳಗೆ ಬರುವ ಈ ಪಾಪದ ಪ್ರಾಣಿಯ ಮೈಮೇಲೆ ಕಟ್ಟುಹಾವಿನ, ಅಂದರೆ ಕಡಂಬಳದ, ಹಾಗೆ ಬಿಳಿ ಪಟ್ಟೆಗಳಿವೆ. ಅಷ್ಟಕ್ಕೇ ಪೆಟ್ಟು. ಪಟ್ಟೆ ಕುತ್ತಿಗೆಯ ಹತ್ತಿರ ಎದ್ದು ಕಂಡು ಬಾಲದ ಕಡೆ ಮಾಸಿದರೆ ತೋಳಹಾವು, ತಿರುವುಮುರುವಾಗಿದ್ದರೆ ಕಟ್ಟುಹಾವು ಎಂಬ ಲೆಕ್ಕವೇನೋ ಇದೆ. ಆದರೆ ಪಟ್ಟೆಯೇ ಇಲ್ಲದ ಕಪ್ಪು ಕಟ್ಟುಹಾವೂ ಉಂಟಲ್ಲ! ಬಣ್ಣ ನಂಬಿ ಕೂತರೆ ಆಗುವುದಿಲ್ಲ.

ನಂಬಬೇಕಾದದ್ದು ಹುರುಪೆಯನ್ನು. ಮರಿಯಾಗಿದ್ದಾಗ ಇದ್ದ ಹುರುಪೆಗಳ ಸಂಖ್ಯೆ, ಜೋಡಣೆ ಹಾವು ಬೆಳೆದ ಮೇಲೂ ಬದಲಾಗುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ಲಿನೇಯಸ್ ಹಾವುಗಳನ್ನು ಬೇರ್ಪಡಿಸಿದ್ದು ಹೊಟ್ಟೆಯ, ಬಾಲದಡಿಯ ಹುರುಪೆಗಳನ್ನು ಎಣಿಸಿಯೇ. ಬ್ರಿಟಿಷ್ ಸೇನೆಯ ವೈದ್ಯ ಫ್ರಾಂಕ್ ವಾಲ್ ಇಲ್ಲಿನ ವಿಷದ ಹಾವುಗಳನ್ನು ಗುರುತಿಸಲು ಬರೆದ ಪುಸ್ತಕಕ್ಕೂ ಹುರುಪೆಯೇ ಆಧಾರ.

ಬದುಕಿರುವ ಹಾವಿನ ಹುರುಪೆ ಎಣಿಸಲು ಹೋಗಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು! ಅದಕ್ಕೆ ಪೊರೆ ಇದೆ.

ನಮ್ಮ ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ ಪೊರೆಯೊಂದನ್ನು ನೀರಿನಲ್ಲಿ ನೆನೆಸಿ, ಗಾಜಿನ ಮೇಲೆ ಹಾಸಿ ಕಿಟಕಿಯ ಬೆಳಕಿಗೆ ಹಿಡಿದಿದ್ದೆ. ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಇಷ್ಟಕ್ಕೇ ಕಟ್ಟುಹಾವು ಎಂದುಬಿಡಬಾರದು, ಕೆಲವು ಮರಹಾವುಗಳ ಬೆನ್ನಿನಲ್ಲೂ ದೊಡ್ಡ ಹುರುಪೆಗಳ ಸಾಲಿರುತ್ತದೆ. ಬಾಲದ ಅಡಿಭಾಗ ತಿರುಗಿಸಿದೆ. ತೋಳಹಾವಿಗಾದರೆ ಅಲ್ಲಿ ಹುರುಪೆಗಳು ಜೋಡಿ ಜೋಡಿಯಾಗಿ ಇಳಿಯುತ್ತವೆ. ಇಲ್ಲಿ ತುದಿಯವರೆಗೂ ಒಂದೊಂದೇ ಅಗಲ ಪಟ್ಟಿ. ಸಂಶಯವೇ ಇಲ್ಲ, ಕಟ್ಟುಹಾವು. ಕಣ್ಣಿದ್ದ ಜಾಗದಲ್ಲಿ ವಾಚಿನ ಗಾಜಿನಂಥ ಪುಟ್ಟ ಬಿಲ್ಲೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣು ಮುಚ್ಚಿದ ಪಾರದರ್ಶಕ ಹುರುಪೆಯೂ ಪೊರೆಯ ಜೊತೆಗೇ ಕಳಚುತ್ತದೆ. ಮನೆಯವರಿಗೆಲ್ಲ ಅವತ್ತೇ ಹೇಳಿದೆ: ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಕೊಟ್ಟಿಗೆಗೆ ಹೋಗಬೇಡಿ, ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯಡಿಗೆ ಸಿಕ್ಕಿಸಿಕೊಳ್ಳಿ.

ಪೊರೆ ಓದುವುದು ಹೀಗೆ ಮುಂಜಾಗ್ರತೆಗೆ. ಕಚ್ಚಿದ ಮೇಲೆ ಹುರುಪೆಯ ಗೊಡವೆಯೇ ಬೇಡ. ಡಾಕ್ಟರಿಗೆ ತೋರಿಸಬೇಕೆಂದು ಹಾವನ್ನು ಅಟ್ಟಿಸಿಕೊಂಡು ಹೋಗುವವರಿದ್ದಾರೆ, ಇನ್ನೊಂದು ಕಡಿತ ತಿನ್ನಲು! ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದು ಒಂದೇ ಪ್ರತಿವಿಷ. ಡಾಕ್ಟರು ನೋಡುವುದು ರೋಗಿಯನ್ನು: ರೆಪ್ಪೆ ಜೋಲುತ್ತಿದೆಯೇ, ಗಾಜಿನ ನಳಿಕೆಯಲ್ಲಿಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟಿತೇ ಎಂದು. ಕಟ್ಟುಹಾವು ಕಚ್ಚಿದರೆ ಬಾವು, ನೋವು, ಗುರುತು ಯಾವುದೂ ಇಲ್ಲದಿರಬಹುದು. ಬೆಳಗಿನವರೆಗೆ ಕಾಯಬಾರದು.

ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿತು. ಒಳ್ಳೆಯ ಕೆಲಸ. ಆದರೆ ಕಡಿತದ ಲೆಕ್ಕ ಇಡುವ ಉತ್ಸಾಹ ಹಾವಿನ ಗುರುತು ಕಲಿಸುವುದರಲ್ಲಿ ಕಾಣುತ್ತಿಲ್ಲ. ನಮ್ಮ ಶಾಲೆಗಳ ಪ್ರಯೋಗಾಲಯದಲ್ಲಿ ಇರುವುದೇನು? ಫಾರ್ಮಲಿನ್ ಸೀಸೆಯಲ್ಲಿ ಸುರುಳಿಸುತ್ತಿ, ಬಣ್ಣವೆಲ್ಲ ಬಿಳಚಿಕೊಂಡ ಹಾವು. ಮಗು ಅದರ ಬಾಲದಡಿ ನೋಡುವುದಾದರೂ ಹೇಗೆ?

ಮೈಸೂರು, ಬನ್ನೇರುಘಟ್ಟ, ಪಿಲಿಕುಳದ ಮೃಗಾಲಯಗಳಲ್ಲಿ ಹಾವುಗಳು ಪೊರೆ ಬಿಡುತ್ತಲೇ ಇರುತ್ತವೆ. ಯಾವ ಹಾವಿನದೆಂದು ಅಲ್ಲಿ ಊಹಿಸಬೇಕಾಗಿಲ್ಲ. ಅರಣ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಕೂತು ಮಾತಾಡಿ, ಮಲೆನಾಡು, ಕರಾವಳಿಯ ಹೈಸ್ಕೂಲುಗಳಿಗೆ ಮೊದಲು, ಹೆಸರು ಬರೆದ ಪೊರೆಗಳ ಒಂದೊಂದು ಪೆಟ್ಟಿಗೆ ಕಳಿಸಲಿ. ಜೊತೆಗೊಂದು ಭೂತಗನ್ನಡಿ. ಕೇರೆ, ನಾಗರ, ತೋಳಹಾವು, ಕಟ್ಟುಹಾವು ಇದ್ದರೆ ಶುರುಮಾಡಲು ಸಾಕು. ಎರಡು ಗಾಜಿನ ನಡುವೆ, ಬಾಲದ ಅಡಿಭಾಗ ಮೇಲೆ ಬರುವಂತೆ ಹಾಸಿರಬೇಕು. ತಲೆಯ ಭಾಗ ಮಾತ್ರ ಪ್ರತ್ಯೇಕವಾಗಿಡಲಿ. ಪೊರೆ ಬಿಚ್ಚುವುದು ತುಟಿಯಿಂದಲೇ ಶುರುವಾಗುವುದರಿಂದ ಮೊದಲು ಹರಿಯುವುದು ಅದೇ.