ಊರು ಇವರದ್ದು, ನೀರು ಅವರದ್ದು

ಅಮೆರಿಕದ ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿರುವ ಇನ್ಯೋ ಕೌಂಟಿ ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಸುಮಾರು ಎರಡರಷ್ಟಿದೆ. ಜನಸಂಖ್ಯೆ? ಬರೀ 19 ಸಾವಿರ! ನಮ್ಮಲ್ಲಿ ಒಂದು ದೊಡ್ಡ ಹೋಬಳಿಯಲ್ಲೇ ಇದಕ್ಕಿಂತ ಜಾಸ್ತಿ ಜನ ಸಿಗ್ತಾರೆ.

ಭೂಗೋಳವೂ ವಿಚಿತ್ರ. ಅಲಾಸ್ಕ, ಹವಾಯಿ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ (4,421 ಮೀಟರ್) ಈ ಕೌಂಟಿಯ ಗಡಿಯಲ್ಲಿದೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಕೂಡ ಇಲ್ಲೇ. ಪಶ್ಚಿಮಕ್ಕೆ ಸಿಯೆರಾ ನೆವಾಡ, ಪೂರ್ವಕ್ಕೆ ವೈಟ್ ಮತ್ತು ಇನ್ಯೋ ಪರ್ವತಗಳು, ನಡುವೆ ಉದ್ದಕ್ಕೆ ಓವೆನ್ಸ್ ಕಣಿವೆ. ಮಳೆ ಕಡಿಮೆ, ಆದರೆ ಸಿಯೆರಾದ ಹಿಮ ಕರಗಿ ಹರಿಯುವ ನೀರು ಧಾರಾಳ. ಅಲ್ಲಿನ ಮೂಲನಿವಾಸಿ ಪಾಯೂಟ್ ಜನ ಈ ಕಣಿವೆಯನ್ನು 'ಪಾಯಹುನಾಡು' ಅಂತಾರೆ, ಸದಾ ನೀರು ಹರಿಯುವ ಜಾಗ ಅಂತ ಅರ್ಥ. ಕೊನೆಯ 'ನಾಡು' ಕೇಳಿ ನನಗೆ ಪುಳಕವಾಗಿತ್ತು. ಕನ್ನಡಕ್ಕೂ ಅದಕ್ಕೂ ಸಂಬಂಧವೇನಿಲ್ಲ, ಬಿಡಿ.

ಪಾಯೂಟರು ಕಾಲುವೆ ತೋಡಿ ಗಡ್ಡೆಗೆಣಸುಗಳಿಗೆ ನೀರು ಹಾಯಿಸುತ್ತಿದ್ದರು. 1863ರಲ್ಲಿ ಸೈನ್ಯ ಅವರಲ್ಲಿ ಸುಮಾರು ಸಾವಿರ ಜನರನ್ನು ದೂರದ ಫೋರ್ಟ್ ತೆಹೋನ್‌ಗೆ ನಡೆಸಿಕೊಂಡು ಹೋಯಿತು. ಅವರ ಕಾಲುವೆಗಳ ಜಾಗದಲ್ಲಿ ಬಿಳಿಯರ ಹೊಲ, ಸೇಬಿನ ತೋಟ ಎದ್ದವು. 1866ರಲ್ಲಿ ಕೌಂಟಿ ರಚನೆಯಾಯಿತು.

ಆಮೇಲೆ ಬಂತು ಲಾಸ್ ಏಂಜಲೀಸ್. ಬೆಳೆಯುತ್ತಿದ್ದ ನಗರಕ್ಕೆ ನೀರು ಬೇಕಿತ್ತು. ಮಾಜಿ ಮೇಯರ್ ಫ್ರೆಡ್ ಈಟನ್ ಕಣಿವೆಗೆ ಬಂದು ಜಮೀನು ಕೊಳ್ಳತೊಡಗಿದ. ಅದೇ ಹೊತ್ತಿಗೆ ಕೇಂದ್ರ ಸರ್ಕಾರವೂ ಅಲ್ಲೊಂದು ನೀರಾವರಿ ಯೋಜನೆಗೆ ಸರ್ವೆ ನಡೆಸುತ್ತಿತ್ತು. ಈತ ಅದಕ್ಕೇ ಕೊಳ್ತಿದ್ದಾನೆ ಅಂತ ಎಷ್ಟೋ ರೈತರು ನಂಬಿದರು. ನಿಜ ಗೊತ್ತಾಗಿದ್ದು 1905ರಲ್ಲಿ. ಎಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ ಸುಮಾರು 375 ಕಿಲೋಮೀಟರ್ ಕಾಲುವೆ ಕಟ್ಟಿ 1913ರಲ್ಲಿ ನೀರು ಹರಿಸಿಯೇಬಿಟ್ಟ. ಒಂದೂ ಪಂಪ್ ಇಲ್ಲ, ಪೂರ್ತಿ ಇಳಿಜಾರಿನಲ್ಲೇ ಹರಿಯುತ್ತೆ! ಕಾವೇರಿಯನ್ನು ಪಂಪ್ ಮಾಡಿ ಮಾಡಿ ಮೇಲೆ ತರುವ ಬೆಂಗಳೂರಿನವಳಾದ ನನಗೆ ಈ ಲೆಕ್ಕಾಚಾರ ಕಂಡರೆ ಹೊಟ್ಟೆಕಿಚ್ಚು.

ರೈತರು ಸುಮ್ಮನಿರಲಿಲ್ಲ. 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ನವೆಂಬರಿನಲ್ಲಿ ಅಲಬಾಮಾ ಗೇಟ್ಸ್ ಎಂಬಲ್ಲಿ ತೂಬನ್ನು ವಶಪಡಿಸಿಕೊಂಡು ನೀರನ್ನು ನಾಲ್ಕು ದಿನ ನದಿಗೇ ಬಿಟ್ಟರು. ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ಜಾತ್ರೆಯನ್ನೇ ಮಾಡಿಬಿಟ್ಟರು. ಹತ್ತಿರದಲ್ಲಿ ಶೂಟಿಂಗ್‌ನಲ್ಲಿದ್ದ ಸಿನಿಮಾ ನಟ ಟಾಮ್ ಮಿಕ್ಸ್ ತನ್ನ ವಾದ್ಯಗಾರರನ್ನೂ ಕಳಿಸಿದ್ದನಂತೆ. ಆದರೆ ಹೋರಾಟದ ಬೆನ್ನೆಲುಬಾಗಿದ್ದ ವಾಟರ್‌ಸನ್ ಸಹೋದರರ ಬ್ಯಾಂಕ್ 1927ರಲ್ಲಿ ಮುಳುಗಿತು. ಹಣ ದುರುಪಯೋಗಕ್ಕಾಗಿ ಅವರು ಜೈಲು ಸೇರಿದರು, ರೈತರ ಉಳಿತಾಯ ಹೋಯಿತು. ಹೋರಾಟ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಓವೆನ್ಸ್ ಸರೋವರ ಬತ್ತಿಹೋಗಿತ್ತು. ಅದರ ಉಪ್ಪಿನ ಧೂಳು ದಶಕಗಳ ಕಾಲ ಜನರ ಶ್ವಾಸಕೋಶ ಸೇರಿತು. ಈಗ ಅದೇ ನಗರ 200 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಜಲ್ಲಿ ಹಾಕುತ್ತಿದೆ, ಹುಲ್ಲು ಬೆಳೆಸುತ್ತಿದೆ, ತಮಾಷೆ ಅಂದ್ರೆ ಅಲ್ಲಿಗೆ ನೀರನ್ನೂ ಬಿಡುತ್ತಿದೆ. ಹಕ್ಕಿಗಳಂತೂ ವಾಪಸ್ ಬಂದಿವೆ.

ನನ್ನನ್ನು ಜಾಸ್ತಿ ಕಾಡುವುದು ಮಾನ್‌ಝನಾರ್. ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ ಅಂತ. ನಗರ ಜಮೀನು ಕೊಂಡ ಮೇಲೆ ಆ ಊರು ಖಾಲಿಯಾಯಿತು, ಮರಗಳು ಒಣಗುತ್ತಾ ನಿಂತವು. 1942ರಲ್ಲಿ ಅದೇ ಜಾಗದಲ್ಲಿ ಮುಳ್ಳುತಂತಿ ಹಾಕಿ 10 ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಕೂಡಿಹಾಕಿದರು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಬಂಧಿಗಳಲ್ಲಿದ್ದ ತೋಟಗಾರರು ಆ ಹಳೇ ಸೇಬು, ಪೇರ್ ಮರಗಳನ್ನು ಸವರಿ, ನೀರುಣಿಸಿ ಮತ್ತೆ ಹಣ್ಣು ಬಿಡಿಸಿದರು. ಎಂಥಾ ಜನ!

ನಾನು ಲಾಸ್ ಏಂಜಲೀಸಿನಲ್ಲಿ ಕೆಲಸ ಮಾಡಿದ ಮೂರು ವರ್ಷ ನಲ್ಲಿಯಲ್ಲಿ ಬರುತ್ತಿದ್ದ ನೀರಲ್ಲಿ ಈ ಕಣಿವೆಯ ಪಾಲೂ ಇತ್ತು. ಆಫೀಸಿನಲ್ಲಿ ಯಾರ ಬಾಯಲ್ಲೂ ಇನ್ಯೋ ಹೆಸರು ಕೇಳಿದ್ದಿಲ್ಲ. ಇವತ್ತಿಗೂ ಕೌಂಟಿಯಲ್ಲಿ ನಗರದ ಒಡೆತನದ ಜಮೀನು ಸುಮಾರು ಎರಡೂವರೆ ಲಕ್ಷ ಎಕರೆ. 1939ರಲ್ಲಿ ಪಾಯೂಟರ ಜಮೀನಿನ ವಿಚಾರದಲ್ಲಿ ಕೇಂದ್ರ ಸರ್ಕಾರದ ಜೊತೆ ನಗರ ಅದಲುಬದಲು ಮಾಡಿಕೊಂಡಿತು, ನೀರಿನ ಹಕ್ಕಿನ ಮಾತು ಮಾತ್ರ ಬಾಕಿ ಇಟ್ಟಿತು. ಬಿಷಪ್, ಬಿಗ್ ಪೈನ್, ಲೋನ್ ಪೈನ್‌ನಲ್ಲಿರುವ ಪಾಯೂಟರು ಅದನ್ನು ಈಗಲೂ ಕೇಳುತ್ತಲೇ ಇದ್ದಾರೆ.